ಗಾಜಿನ ತೊಟ್ಟಿಗೆ ಹರಕೆ

ಪಕ್ಕದ ಮನೆಯ ಕನ್ನಮ್ಮ ಸೆರಗಿನ ಗಂಟು ಬಿಚ್ಚಿ, ಒಂದು ಮುಷ್ಟಿ ಅಕ್ಕಿಯನ್ನು ಮೀನಿನ ತೊಟ್ಟಿಗೆ ಸುರಿದು ಕೈ ಮುಗಿದಾಗ ಪುಷ್ಪ ಒಲೆಯ ಮುಂದಿದ್ದಳು. ಅವಳು ಓಡಿ ಬರುವಷ್ಟರಲ್ಲಿ ಅಕ್ಕಿ ತಳದ ಮರಳಿಗೆ ಇಳಿದಿತ್ತು. ಮೀನುಗಳು ಹೆದರಿ ಗಿಡದ ಹಿಂದೆ ಸೇರಿದ್ದವು.

“ಕನ್ನಕ್ಕಾ, ಎಂತ ಮಾಡಿದ್ರಿ ಇದು?”

“ಹರಕೆ ಕಣೆ. ನಮ್ಮ ಹುಡುಗಿ ರಂಗಿ ಗಲ್ಲದ ಮೇಲೆ ನರೂಲಿ ಎದ್ದಿದೆ ನೋಡು, ಅದು ಉದುರ್ಲಿ ಅಂತ. ಹುಣ್ಣಿಮೆ ಕಳೆದ ಮೇಲೆ ಹೊಸನಗರದಿಂದ ಗಂಡಿನ ಕಡೆಯವ್ರು ಬರ್ತಾರೆ. ದೇವರ ಮೀನಿಗೆ ಅಕ್ಕಿ ಹಾಕೋಣ ಅಂದ್ರೆ ಹೊಳೆ ತುಂಬಿ ಹರೀತಿದೆ. ಹಾಕಿದ ಅಕ್ಕಿ ಮೀನಿಗೆ ಸಿಗೋ ಮುಂಚೆ ಶಿವಮೊಗ್ಗೆ ಸೇರತ್ತೆ.”

“ಇವು ದೇವರ ಮೀನಲ್ಲ ಕನ್ನಕ್ಕ.”

“ತುಂಗೆದು ತಾನೇ?”

ತುಂಗೆಯವೇ. ಮಳೆ ಹಿಡಿಯುವ ಮುಂಚೆ ಪುಷ್ಪಳ ಗಂಡ ಜಟ್ಟಿಂಗಪ್ಪ ಮೇಷ್ಟ್ರು ಪಂಚೆಯೊಡ್ಡಿ ಹಿಡಿದು ತಂದ ಕಿರುಬೆರಳುದ್ದದ ಮೀನುಗಳು. ಪುಷ್ಪಳಿಗೆ ಸುಳ್ಳು ಹೇಳಲು ಬರಲಿಲ್ಲ.

“ಅಂದ್ಮೇಲೆ ಒಂದೇ ಮನೆತನ ಆಯ್ತಲ್ಲ.”

“ನಿಮ್ಮನೇಲಿ ಈಗ ಮೀನು ಸಾರು ಕುದೀತಿದೆ. ಘಮ ಇಲ್ಲಿಗೂ ಬರ್ತಿದೆ.”

“ಅದು ಗದ್ದೆಗೆ ಹತ್ತಿ ಬಂದ ಮೀನು. ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾರಾಯ್ತಿ?”

ತಪ್ಪು ಅರ್ಧ ತೊಟ್ಟಿಯದೂ ಹೌದು. ಅರವತ್ತಮೂರನೇ ಇಸವಿಯಲ್ಲಿ ತೀರ್ಥಹಳ್ಳಿ ಪೇಟೆಯಲ್ಲಿ ಗಾಜಿನ ತೊಟ್ಟಿ ಮಾಡಿಕೊಡಲು ಒಪ್ಪಿದವನು ದೇವರ ಪಟಗಳಿಗೆ ಕಟ್ಟು ಹಾಕುವ ಜಯಪ್ಪ ಒಬ್ಬನೇ. ತಗಡಿನ ಚೌಕಟ್ಟಿಗೆ ಗಾಜು ಕೂರಿಸಿದವನು, ಬೋಳಾಗಿ ಕಾಣುತ್ತದೆಂದು ಮುಂಭಾಗದ ಸುತ್ತಲೂ ಪಟಗಳಿಗೆ ಹಾಕುವ ಹೂಬಳ್ಳಿಯ ಚಿನ್ನದ ಬಣ್ಣದ ಪಟ್ಟಿಯನ್ನೇ ಅಂಟಿಸಿ ಕೊಟ್ಟಿದ್ದ. ಹಾರ ಹಾಕಲು ಎರಡು ಕೊಕ್ಕೆ ಬೇರೆ. ಹೊಸದಾಗಿ ಬಂದ ಕರೆಂಟಿನ ಬಲ್ಬು ಅದರ ಮೇಲೆ ಉರಿದರೆ, ಬಾಗಿಲಿಗೆ ಬಂದವರ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು.

ಪುಷ್ಪ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಕೊಳೆತ ಅಕ್ಕಿ ನೀರನ್ನು ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಅವಳ ಸಂಕಟ. ಕೆರೆಯಿಂದ ಕಿತ್ತು ತಂದು ನೆಟ್ಟ ಪಟ್ಟೆ ಎಲೆಯ ನೀರುಗಿಡ ಈಗಷ್ಟೇ ಬೇರು ಹಿಡಿದು ಎಳೆ ಎಲೆಯೊಂದನ್ನು ಬಿಟ್ಟಿತ್ತು. ಜ್ವರದ ಮಗುವನ್ನು ನೋಡುವ ಹಾಗೆ ಅವಳು ದಿನಕ್ಕೆ ಹತ್ತು ಸಲ ಅದನ್ನು ಬಂದು ನೋಡುತ್ತಿದ್ದಳು. ಕನ್ನಮ್ಮ ಹೊರಟೊಡನೆ ತಲೆಯ ಹೇರ್‌ಪಿನ್ನು ಕಿತ್ತು, ಚಿಮಟದ ಹಾಗೆ ಹಿಡಿದು, ಅಕ್ಕಿಯನ್ನು ಒಂದೊಂದೇ ಕಾಳಾಗಿ ಹೆಕ್ಕಿದಳು.

ಮರುದಿನ ತೊಟ್ಟಿಗೆ ಹಲಗೆ ಮುಚ್ಚಿ, ಯಾರೂ ತೆಗೆಯದಿರಲೆಂದು ಅಂಗಳದ ಗುಂಡುಕಲ್ಲೊಂದನ್ನು ಹೇರಿದಳು. ಸಂಜೆಗೆ ಕಲ್ಲಿನ ಮೇಲೆ ಕುಂಕುಮವಿತ್ತು. ತೊಟ್ಟಿಯೊಳಗೆ ಅಕ್ಕಿಯೂ ಇತ್ತು.

“ಮಂಗಳಾರತಿ ಎಷ್ಟು ಹೊತ್ತಿಗೆ?” ಎಂದು ಮೇಷ್ಟ್ರು ಕೊಡೆ ಮಡಿಸುತ್ತಾ ಕೇಳಿದರು.

“ನಗಬೇಡಿ. ನೀವಾದ್ರೂ ಅವರಿಗೆ ಹೇಳಿ.”

“ನಾನು ಬೇಡ ಅಂದು, ಆ ಹುಡುಗಿ ಸಂಬಂಧ ತಪ್ಪಿ ಹೋದ್ರೆ? ಆಮೇಲೆ ಕನ್ನಕ್ಕ ನರೂಲಿ ಬಿಟ್ಟು ನನ್ನನ್ನ ಕೀಳ್ತಾಳೆ.”

ಪುಷ್ಪಳ ಬಾಯಿ ಕಟ್ಟಿದ್ದೂ ಅದೇ ಭಯ.

ಗಂಡಿನವರು ಬರುವ ಹಿಂದಿನ ದಿನ ರಂಗಿಯ ನರಹುಲಿ ಉದುರಿಬಿತ್ತು. ಅದರ ಬುಡಕ್ಕೆ ಅವಳು ಬಿಗಿದು ಕಟ್ಟಿಕೊಂಡಿದ್ದ ಕುದುರೆ ಬಾಲದ ಕೂದಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಂಬಂಧ ಗಟ್ಟಿಯಾಯಿತು. ಕನ್ನಮ್ಮ ಹರಕೆ ತೀರಿಸಲು ಸೇರು ಅಕ್ಕಿ ತಂದಳು. ಅವಳ ಹಿಂದೆಯೇ ಬೀದಿಯ ಕಜ್ಜಿ, ಹುಳುಕಡ್ಡಿ, ಗಂಟುಗಳೆಲ್ಲ ಒಂದೊಂದು ಹಿಡಿ ಅಕ್ಕಿಯೊಂದಿಗೆ ಬಂದವು. ಹೇರ್‌ಪಿನ್ನು ಸೋತಿತು. ನೀರು ಗಂಜಿಯ ಬಣ್ಣಕ್ಕೆ ತಿರುಗಿತು. ವಾರ ಕಳೆಯುವುದರೊಳಗೆ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಒಂದಂತೂ ತಡೆಯಲಾರದೆ ಮೈಯನ್ನು ಮರಳಿಗೆ ಉಜ್ಜುತ್ತಿತ್ತು.

ಪುಷ್ಪ ಬಾಗಿಲು ಮುಂದೆ ಮಾಡಿ ಅರ್ಧ ನೀರು ಬದಲಿಸಿದಳು. ಇನ್ನು ಉಳಿದದ್ದು ಉಪ್ಪು. ಹೆಚ್ಚಾದರೆ ಗಿಡ ಹೋಗುತ್ತದೆ, ಕಡಿಮೆಯಾದರೆ ಮೀನು. ಅಂಗೈಯಲ್ಲಿ ಕಲ್ಲುಪ್ಪು ಹಿಡಿದು, ಒಂದು ಹರಳು ಸೇರಿಸಿ, ಮತ್ತೆ ತೆಗೆದು, ನಿಂತೇ ಇದ್ದಳು. ಕನ್ನಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಗಾಜಿಗೆ ಮೂಗು ತಾಗಿಸಿ ನೋಡಿದಳು.

“ಅಯ್ಯೋ ಪಾಪ. ನಮ್ಮ ರಂಗಿದು ಇವಕ್ಕೆ ಹತ್ತಿದೆ ಕಣೆ.”

ಪುಷ್ಪ ಅಂಗೈಯ ಹರಳುಗಳನ್ನು ಮತ್ತೆ ಎಣಿಸಿದಳು.

ಕನ್ನಮ್ಮನ ಕಣ್ಣು ಅವಳ ಅಂಗೈ ಮೇಲೆ ಬಿತ್ತು. “ಓ, ಉಪ್ಪಿನ ಹರಕೆ. ಇದನ್ನೂ ಹೇಳಿಕೊಡ್ತಾರಾ ನಿಮ್ಮ ಕಾಲೇಜಲ್ಲಿ?” ಅವಳ ದನಿಯಲ್ಲಿ ಮೊದಲ ಬಾರಿಗೆ ಗೌರವವಿತ್ತು.

“ಹರಕೆ ಅಲ್ಲ ಕನ್ನಕ್ಕ. ಔಷಧಿ.”

“ಎಂತದೋ ಒಂದು. ಈ ಉಪ್ಪು ಕರಗಿದ ಹಾಗೆ ಅದೂ ಕರಗ್ಲಿ ಅಂತ ಬೇಡ್ಕೊಂಡು ಹಾಕು. ಸುಮ್ನೆ ಹಾಕಿದ್ರೆ ಉಪ್ಪು ಮಾತ್ರ ಕರಗೋದು.”

ಪುಷ್ಪ ಬಾಗಿಲ ಕಡೆ ನೋಡಿದಳು. ಗಂಡ ಶಾಲೆಯಿಂದ ಬರಲು ಇನ್ನೂ ಹೊತ್ತಿತ್ತು. ಕಣ್ಣು ಮುಚ್ಚಿದಳು.