ಮತ್ತೊಮ್ಮೆ ಹೇಳುವ ರೂಢಿ

“ಹೈಕೋರ್ಟಿನ್ಯಾಗ ನಿನ್ನ ಮತ್ತ ಕರೀತಾರವಾ. ‘ನನಗ ಸರಿ ನೆನಪಿಲ್ರಿ’ ಅಂದ್ರ ಸಾಕು. ಈಗೊಮ್ಮಿ ಅಂದು ತೋರ್ಸು, ರೂಢಿ ಆಗ್ಲಿ,” ಎಂದ ಮೈಲಾರಿ. ಹತ್ತು ವರ್ಷದವಳಿದ್ದಾಗ ಪಲ್ಲವಿ ಹೇಳಿದ ಸಾಕ್ಷಿಯಿಂದಲೇ ಅವನ ತಮ್ಮ ಪೋಕ್ಸೊ ಕೇಸಿನಲ್ಲಿ ಜೈಲು ಸೇರಿದ್ದ. ಈಗ ಅಪೀಲು ನಡೆದಿತ್ತು.

ಪಲ್ಲವಿ ಬಾಯಿ ತೆರೆಯುವಷ್ಟರಲ್ಲಿ ತಾಯಿ ದುರಗವ್ವ, ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯನ್ನೇ ಅವಳ ಬಾಯಿಗೆ ಅಡ್ಡ ಹಿಡಿದಳು. “ಅಪೀಲಿನ್ಯಾಗ ಯಾರನ್ನೂ ಕರಿಯಂಗಿಲ್ಲಂತ ಸರಕಾರಿ ವಕೀಲರು ಹೇಳ್ಯಾರೋ ಯಣ್ಣಾ. ಆಗ ಬರಕೊಂಡದ್ದನ್ನ ಓದ್ತಾರಂತ. ಮತ್ತ ಈ ರೂಢಿ ಯಾರಿಗೆ ಬೇಕಾಗೇತಿ?”

ಅಂಗಿ ಜೇಬಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡುತ್ತಿದ್ದ ಮೊಬೈಲನ್ನು ಆರಿಸಲು ಮೈಲಾರಿ ಕೈ ಹಾಕಿದ. ಅಷ್ಟರಲ್ಲಿ ಅದನ್ನು ಕಂಡ ಪಲ್ಲವಿ ಅವ್ವನ ಕೈ ಸರಿಸಿ, ಆ ಮೊಬೈಲಿಗೂ ಕೇಳುವಂತೆ ಹೇಳಿದಳು: “ಕೋರ್ಟಿನ್ಯಾಗ ಹೇಳಿದ್ದೆಲ್ಲಾ ಖರೆ ಐತಿ. ನನಗ ಎಲ್ಲಾ ನೆನಪೈತಿ.”