ಚಿಲಕ ತೆಗೆಯದೆ

ರೊಟ್ಟಿ ಬಡಿಯುತ್ತಿದ್ದ ಸುಶೀಲವ್ವನ ಕೈ ಗಕ್ಕನೆ ನಿಂತಿತು. ಪಡಸಾಲೆಯಲ್ಲಿ ಗಂಡ ಶಂಭುಲಿಂಗಪ್ಪ ಮಾಸ್ತರ, ವಾರಪತ್ರಿಕೆಯಲ್ಲಿ ಅಚ್ಚಾದ ತನ್ನ ವಿಜ್ಞಾನ ಲೇಖನವನ್ನು ಗೆಳೆಯ ಕುಬೇರಪ್ಪನಿಗೆ ಓದಿ ಹೇಳುತ್ತಿದ್ದ: "ಎಲೆಯೊಳಗಿನ ಎಲೆಕ್ಟ್ರಾನು ಅಡ್ಡಗೋಡೆ ಹತ್ತುವುದಿಲ್ಲ, ಒಡೆಯುವುದೂ ಇಲ್ಲ, ಆದರೂ ಆಚೆ ಇರುತ್ತದೆ. ಇದೇ ಕ್ವಾಂಟಂ ಚಮತ್ಕಾರ. ತೀರಿಕೊಂಡ ಮಗಳು ಚಿಲಕ ತೆಗೆಯದೆಯೇ ಬಂದು ತಾಯಿಯ ಮಗ್ಗುಲಲ್ಲಿ ಮಲಗಿದಂತೆ."

ಆ ಕೊನೆಯ ಮಾತು ಸುಶೀಲವ್ವನದು. ಯಮನೂರಿನ ಹಾದಿಯ ಹೊಲದಲ್ಲಿ ಮಗಳನ್ನು ಮಣ್ಣು ಮಾಡಿ ಬಂದ ಮೇಲೆ, ಯಾರ ಮುಂದೂ ಆಡಬಾರದೆಂದು ಆಣೆ ಮಾಡಿಸಿಕೊಂಡು, ಗಂಡನೊಬ್ಬನಿಗೇ ಹೇಳಿದ್ದಳು.

"ಅಗದಿ ಛಂದ ಹೋಲಿಕಿ ಮಾಸ್ತರ! ಎಲ್ಲಿಂದ ತಂದ್ರಿ?" ಎಂದ ಕುಬೇರಪ್ಪ.

"ಹಂಗ, ಬರೀತಾ ಬರೀತಾ ಹೊಳೀತು," ಎಂದು ಗಂಡ ನಕ್ಕ. "ಏ ಸುಶೀಲಾ, ಚಾ ತಾ."

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಸುಶೀಲವ್ವ ಎದ್ದು, ಅಡಿಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.