ಮೂರನೇ ಮನೆ

ಲೈಸೆನ್ಸ್ ನವೀಕರಿಸಬೇಕಾದರೆ ಮನೆ ಬ್ರೋಕರ್‌ಗಳು ಈ ತರಬೇತಿಗೆ ಕೂರಲೇಬೇಕಿತ್ತು. ಹಿಂದಿನ ಬೆಂಚಿನಲ್ಲಿ ಹಳಬನೊಬ್ಬ ತೂಕಡಿಸುತ್ತಿದ್ದ.

"ಮೊದಲು ಎರಡು ಹಾಳು ಮನೆ ತೋರಿಸಿ, ಗಿರಾಕೀನ ಸುಸ್ತು ಮಾಡಿ, ಆಮೇಲೆ ಮೂರನೇದನ್ನ ದಾಟಿಸೋದು ಮೋಸ ಕಣ್ರೀ," ಎಂದು ಮೇಷ್ಟ್ರು ಗದರಿದರು.

"ಇಷ್ಟು ವರ್ಷ ಅದರಲ್ಲೇ ಅನ್ನ ತಿಂದಿದೀನಿ ಸಾರ್," ಎಂದು ಅವನು ಆಕಳಿಸಿದ. "ಮೂರನೇ ಮನೆ ಗೋಡೇನ ಯಾರೂ ತಟ್ಟಿ ನೋಡಲ್ಲ."

ಸಂಜೆ ಅವನು ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಅವನ ಬಾಯಿಗೆ ಸಕ್ಕರೆ ಹಾಕಿದಳು.

"ಮದುವೆ ಬ್ರೋಕರ್ ಇವತ್ತು ನಮ್ಮ ಹುಡುಗೀನ ನೋಡೋಕೆ ಇನ್ನೊಬ್ಬ ಹುಡುಗನ್ನ ಕರ್ಕೊಂಡು ಬಂದಿದ್ರು ರೀ."

"ನಾಳೆ ವಿಚಾರಿಸೋಣ ಬಿಡೆ, ಸಾಕಾಗಿದೆ ನಂಗೆ."

"ವಿಚಾರಿಸೋದೇನು ಬಂತು? ಹಿಂದೆ ತೋರಿಸಿದ ಆ ಇಬ್ಬರನ್ನ ನೋಡಿದ ಮೇಲೆ ಇವನು ಬಂಗಾರ. ಒಪ್ಪಿಗೆ ಅಂದುಬಿಟ್ಟೆ."